ನೀಲಕ್ಕನ ತುಂಬಿದ ಬಾಟಲಿ

ನೀಲಕ್ಕನ ನೀರಿನ ಬಾಟಲಿ ಸಿರುಗುಪ್ಪದಿಂದ ಬಳ್ಳಾರಿಯವರೆಗೆ ಎಲ್ಲರ ಬಾಯಾರಿಕೆ ತಣಿಸುತ್ತಿತ್ತು, ನೀಲಕ್ಕನದೊಂದನ್ನು ಬಿಟ್ಟು. ಕುರುಗೋಡಿನ ಮೇಲೆ ಹಾದುಹೋಗುವ ನಮ್ಮ ಬಸ್ಸಿನ ಕಂಡಕ್ಟರ್ ಆಕೆ. ಕೂಸುಗಳಿಗೆ, ಮುದುಕರಿಗೆ ಬಾಟಲಿ ಚಾಚುವಳು. ತಾನು ಮಾತ್ರ ತುಟಿ ಒದ್ದೆ ಮಾಡಿಕೊಂಡು ಮುಚ್ಚಳ ತಿರುಗಿಸುವಳು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಾಯಿ ಬೆಳೆಸಿಕೊಂಡಿದ್ದ ನನ್ನನ್ನು ಕಂಡರೆ, "ವಕೀಲಮ್ಮ ಬಂದ್ಲು, ಜಾಗ ಬಿಡ್ರಪಾ, ಇಲ್ಲಾಂದ್ರ ಕೇಸ್ ಹಾಕ್ತಾಳ" ಎನ್ನುವಳು.

ಆಗಾಗ ಆಕೆ ಕೆಲಸಕ್ಕೆ ಬರುತ್ತಿರಲಿಲ್ಲ. ಚಳಿಜ್ವರ, ಪಕ್ಕೆನೋವು, ಉರಿಮೂತ್ರ. ಮರಳಿ ಬಂದಾಗ ಇಡೀ ಬಸ್ಸಿನದು ಒಂದೇ ತೀರ್ಪು: "ಉಷ್ಣ ಆಗೇತಿ. ಇಂಜಿನ್ ಮಗ್ಗಲಾಗ ಇರ್ತಾಳಲ್ಲ." ಒಬ್ಬರು ಸಬ್ಜಾ ಬೀಜ ಎಂದರೆ ಇನ್ನೊಬ್ಬರು ಹೊಕ್ಕುಳಿಗೆ ಹರಳೆಣ್ಣೆ. ಇಂಜಿನ್ನಿನ ಕಾವೇ ಕಾರಣವಾದರೆ ಡ್ರೈವರಣ್ಣನಿಗೆ ಯಾಕೆ ಬರಲಿಲ್ಲ ಎಂದು ಕೇಳಿದೆ. ಡ್ರೈವರಣ್ಣ ಜಾಲಿಮರ ಕಂಡಲ್ಲಿ ನಿಲ್ಲಿಸಿ ಇಳಿಯುತ್ತಿದ್ದ, ಅವನ ಹಿಂದೆ ಬಸ್ಸಿನ ಗಂಡಸರೆಲ್ಲ.

"ನೀ ಯಾಕ ನೀರು ಕುಡಿಯಂಗಿಲ್ಲಕ್ಕ?"

"ಕುಡದ್ರ ಇಳಿಬೇಕಲ್ಲ. ಎಲ್ಲಿ ಇಳೀಲಿ, ನೀನ ತೋರ್ಸು."

ಜ್ವರ ಇಳಿದೊಡನೆ ಆಕೆ ಗುಳಿಗೆ ನಿಲ್ಲಿಸಿಬಿಡುವಳು. ಉಳಿದವು ಟಿಕೆಟ್ ಚೀಲದಲ್ಲಿ, "ಮುಂದಿನ ಸಲಕ್ಕ."

"ಮುಂದಿನ ಸಲಾನ ನೀನ ಕರಿಯಾಕತ್ತಿ."

"ಬಾಯಿ ಮುಚ್ಚಲೇ ವಕೀಲಮ್ಮ."

ಕೊನೆಗೆ ಚಳಿಗೆ ನಡುಗುತ್ತಿದ್ದವಳನ್ನು ನಾನೇ ಬಳ್ಳಾರಿಯ ಡಾಕ್ಟರಮ್ಮನ ಬಳಿ ಕರೆದೊಯ್ದೆ. ಅಲ್ಲಿಯೂ ಆಕೆಯ ಮೊದಲ ಮಾತು, "ಉಷ್ಣ ರೀ." ಮೂತ್ರದ ಪರೀಕ್ಷೆಯಾಯಿತು, ಸ್ಕ್ಯಾನ್ ಆಯಿತು.

"ಕಿಡ್ನಿಗೇ ಸೋಂಕು ತಗಲೇತಮ್ಮ. ಒಂದ ಕಾರಣ ಅಂತ ಹೇಳಾಕ ಬರಂಗಿಲ್ಲ. ಸಣ್ಣ ಕಲ್ಲೈತಿ. ನೀರು ಕುಡಿಯಂಗಿಲ್ಲ, ಮೂತ್ರ ತಡೀತಿ, ಗುಳಿಗಿ ಅರ್ಧಕ್ಕ ಬಿಡ್ತಿ. ಹಿಂಗ ಮರುಕಳಿಸಿದ್ರ ಕಿಡ್ನಿ ಉಳಿಯಂಗಿಲ್ಲ."

ಉಷ್ಣದ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ.

ಗುಳಿಗೆಗಳನ್ನು ಪೂರ್ತಿ ಮುಗಿಸಿ ಬಂದ ನೀಲಕ್ಕ ಎಲ್ಲರೆದುರು ಗಟಗಟ ನೀರು ಕುಡಿದಳು. ಕುರುಗೋಡಿಗೆ ಮುಂಚೆ ಪರಿಚಯದವರ ಮನೆಯೆದುರು ಸೀಟಿ ಊದಿ ಬಸ್ಸು ನಿಲ್ಲಿಸಿ, ಅವರ ಶೌಚಾಲಯಕ್ಕೆಂದು ಇಳಿಯಹೊರಟಳು.

"ಲೇಟ್ ಆಗ್ತೈತಿ ನೀಲಮ್ಮ," ಹಿಂದಿನ ಸೀಟಿನಿಂದ ಯಾರೋ ಗೊಣಗಿದರು.

"ಡ್ರೈವರ್ ಇಳಿದ್ರ ಲೇಟ್ ಆಗಂಗಿಲ್ಲ, ನಾ ಇಳಿದ್ರ ಆಗ್ತೈತಿ. ಯಾವೂರ ಗಡಿಯಾರ ರೀ ನಿಮ್ದು?"

ಬಸ್ಸು ನಕ್ಕಿತು. ನಕ್ಕವರಲ್ಲೇ ಯಾರೋ ದೂರು ಕೊಟ್ಟರು. ಡಿಪೋದ ಅಧಿಕಾರಿಗಳು ಆಕೆಯ ಆರೋಗ್ಯದ ಹಿತದೃಷ್ಟಿಯಿಂದ ಎಂದು ಹೇಳಿ, ಬಸ್ಸಿನಿಂದ ಇಳಿಸಿ ದೂರದ ಯಾವುದೋ ಕಚೇರಿಯಲ್ಲಿ ಕೂರಿಸಿದರು. ಕಂಡಕ್ಟರಿಗೊಂದು ಶೌಚಾಲಯ ಕೊಡುವುದಕ್ಕಿಂತ ಕಂಡಕ್ಟರನ್ನೇ ಎತ್ತಿಡುವುದು ಸುಲಭವೆನಿಸಿತು ಅವರಿಗೆ. ಇದನ್ನು ಹಿತ ಎನ್ನುವವರೊಡನೆ ನಾನು ಯಾವ ವೇದಿಕೆಯಲ್ಲಾದರೂ ವಾದಕ್ಕೆ ಸಿದ್ಧ.

ಈಗ ನಮ್ಮ ಬಸ್ಸಿಗೆ ಹೊಸ ಹುಡುಗಿ ಬಂದಿದ್ದಾಳೆ. ಮೊನ್ನೆ ಅಳುವ ಕೂಸಿಗೆ ತುಂಬಿದ ಬಾಟಲಿ ಚಾಚಿದಳು. ತಾನು ತುಟಿ ಒದ್ದೆ ಮಾಡಿಕೊಂಡು ಮುಚ್ಚಳ ತಿರುಗಿಸಿದಳು.

"ನೀನೂ ಕುಡಿಯವ್ವ," ಎಂದೆ.

"ಬಳ್ಳಾರಿ ಬರ್ಲಿ ಬಿಡಕ್ಕ."

ಹಿಂದಿನ ಸೀಟಿನಲ್ಲಿ ಒಬ್ಬರು ಅವಳ ಬಾಡಿದ ಮುಖ ನೋಡಿ ಮರುಗಿದರು: "ಪಾಪ, ಈಕಿಗೂ ಉಷ್ಣ ಆಗೇತಿ."