ಅಪ್ಪನ ಮನೆ ಮುಂದೆ ನಿಂತ ನಮ್ಮ ಮನೆ

ಮೊನ್ನೆ ಹಿರಿಯೂರಿನ ಹೈವೇ ಹೋಟೆಲಿನ ಮುಂದೆ ಒಂದು ದೊಡ್ಡ ಜೀಪು ಬಂದು ನಿಂತಿತು. ಅದರ ಹಿಂದೆ ಗಾಲಿಯ ಮೇಲೊಂದು ಬಿಳಿ ಪುಟ್ಟ ಮನೆ. ಊರೂರು ಸುತ್ತುವವರ ಗಾಡಿಯಂತೆ. ಜನ ಮುತ್ತಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಮ್ಮ ಮನೆಯವರು ಮಾತ್ರ ನೇರ ಹೋಗಿ, "ಸಾರ್, ಒಳಗಿನ ಬ್ಯಾಟ್ರಿಗೆ ಚಾರ್ಜ್ ಹೆಂಗೆ?" ಎಂದು ಕೇಳಿದರು. ನಾನು ಕಂಬದ ಹಿಂದೆ ಸರಿದೆ. ಯಾರಾದರೂ ನೋಡಿದರೆ ಎಂಬ ಹಳೆಯ ಅಳುಕು. ನೋಡಲು ಅಲ್ಲೇನಿತ್ತು, ನೀವೇ ಹೇಳಿ.

ಮದುವೆಯಾದ ಹೊಸತರಲ್ಲಿ ನಾವೂ ಅಂಥದರಲ್ಲೇ ಇದ್ದೆವು. ಬಿಳಿಯದಲ್ಲ, ತುಕ್ಕು ಹಿಡಿದ ತಗಡಿನದು. ಹೆದ್ದಾರಿ ಅಗಲ ಮಾಡುತ್ತಿದ್ದ ಕಾಲ. ಇವರು ರಸ್ತೆ ಕೆಲಸದ ಲಾರಿ ಡ್ರೈವರು. ಕೆಲಸ ಮುಂದೆ ಸರಿದಂತೆ ಆ ತಗಡಿನ ಕೋಣೆಯನ್ನು ಲಾರಿಯ ಹಿಂದೆ ಸಿಕ್ಕಿಸಿಕೊಂಡು ನಾವೂ ಸರಿಯುತ್ತಿದ್ದೆವು. ಒಳಗೆ ಮಂಚ, ಸ್ಟೌ, ಒಂದು ಬಲ್ಬು, ಒಂದು ಫ್ಯಾನು. ಎರಡಕ್ಕೂ ಲಾರಿಯ ಬ್ಯಾಟರಿಯಿಂದಲೇ ವೈರು. ನನಗೆ ಫ್ಯಾನು ಬೇಕೇ ಬೇಕು. ಬೆಳಗಾದರೆ ಲಾರಿ ಸ್ಟಾರ್ಟ್ ಆಗುತ್ತಿರಲಿಲ್ಲ. ಇವರು ಎಲ್ಲಿಂದಲೋ ಇನ್ನೊಂದು ಹಳೇ ಬ್ಯಾಟರಿ ತಂದು ಮಂಚದ ಕೆಳಗಿಟ್ಟರು. ದಾರಿಯಲ್ಲಿ ಡೈನಮೋ ಎರಡನ್ನೂ ತುಂಬಿಸಬೇಕಿತ್ತು. ಅದು ಎರಡನ್ನೂ ಅರೆಹೊಟ್ಟೆಯಲ್ಲಿ ಬಿಟ್ಟಿತು. ಹಾಗಾಗಿ ಬೆಳಿಗ್ಗೆ ತಳ್ಳಿ ಸ್ಟಾರ್ಟ್ ಮಾಡಲು ಎಲ್ಲಿ ನಿಂತರೂ ಇಳಿಜಾರು ಹುಡುಕಿ ನಿಲ್ಲಬೇಕು. ಇವತ್ತಿಗೂ ಯಾರಾದರೂ ಸೈಟು ತೋರಿಸಿದರೆ ನಾನು ಮೊದಲು ನೋಡುವುದು ನೆಲ ಯಾವ ಕಡೆ ವಾಲಿದೆ ಎಂದು.

ಒಂದು ಸಲ ಕೆಲಸ ಹೊಸದುರ್ಗದ ಕಡೆ ಬಿತ್ತು. ದಾರಿ ನಮ್ಮ ತವರು ಬಾಗೂರಿನ ಮೇಲೇ. ಅವತ್ತು ತಂಗಿ ರತ್ನಳನ್ನು ನೋಡಲು ಗಂಡಿನವರು ಬರುವವರಿದ್ದರು. ಅಪ್ಪ ಮೊದಲೇ ಹೇಳಿ ಕಳಿಸಿದ್ದರು, "ಅವತ್ತು ಗಾಡಿ ತಗಂಡು ಇತ್ಲಾಗೆ ಬರಬ್ಯಾಡ್ರಿ, ಬಸ್ಸಿಗೆ ಬರ್ರಿ" ಎಂದು. ಬಸ್ಸಿಗೆ ಬರಲು ರಜೆ ಸಿಗಲಿಲ್ಲ. ಊರಲ್ಲಿ ನಿಲ್ಲದೆ ದಾಟಿಬಿಡೋಣ ಎಂದುಕೊಂಡೆವು. ಯಾರ ಕಣ್ಣಿಗೂ ಬೀಳಬಾರದೆಂದು ನಾನು ಮುಂದೆ ಕೂರದೆ ತಗಡಿನ ಕೋಣೆಯೊಳಗೆ ಕುಳಿತೆ.

ಅಪ್ಪನ ಮನೆ ರಸ್ತೆಗೇ ಇದೆ. ಸರಿಯಾಗಿ ಅಲ್ಲೇ ಕುರಿ ಹಿಂಡು ಅಡ್ಡ ಬಂತು. ಇವರು ಬ್ರೇಕ್ ಹಾಕಿದರು, ಇಂಜಿನ್ ಆಫ್ ಆಯಿತು. ಕೀ ತಿರುಗಿಸಿದರೆ ಟಿಕ್ ಎಂಬ ಸದ್ದಷ್ಟೇ. ಎರಡೂ ಬ್ಯಾಟರಿ ಖಾಲಿ. ಕುರಿ ಕಾಯುವವರು ಕೈಜೋಡಿಸಿದರು. ಲಾರಿ ಹಗುರಾಗಲೆಂದು ಕೋಣೆಯ ಕೊಂಡಿ ಬಿಚ್ಚಿ, ಗಾಲಿಗೆ ಕಲ್ಲು ಕೊಟ್ಟು, ಲಾರಿಯನ್ನಷ್ಟೇ ಇಳಿಜಾರಿಗೆ ತಳ್ಳಿಕೊಂಡು ಹೋದರು. ನಾನು ಒಳಗೇ ಉಳಿದೆ. ಅಪ್ಪನ ಅಂಗಳಕ್ಕೆ ಎದುರಾಗಿ ನಮ್ಮ ಮನೆ ಒಂಟಿಯಾಗಿ ನಿಂತಿತ್ತು.

ಜಗಲಿಯ ಮೇಲೆ ಗಂಡಿನ ಸೋದರಮಾವ ಕುಳಿತಿದ್ದರು. ಅವರ ಮಾತು ತಗಡಿನೊಳಗೂ ಸ್ಪಷ್ಟವಾಗಿ ಕೇಳಿಸಿತು.

"ಇದ್ಯಾರ್ದು ರೀ ಡಬ್ಬ, ನಿಮ್ ಬಾಗಲಿಗೇ ನಿಲ್ಸ್ಯಾರೆ?"

ಅಪ್ಪ ಅಂದರು, "ಯಾರೋ ರೋಡ್ ಕೆಲ್ಸದೋರ್ದು. ಈಗ ಎತ್ಕಂಡು ಹೋಗ್ತಾರೆ, ಬಿಡ್ರಿ."

ಅಪ್ಪನ ಮೇಲೆ ಸಿಟ್ಟು ಬರಲಿಲ್ಲ. ಅವರ ಬಾಯಲ್ಲಿ ಅಂಥ ಮಾತು ಬರುವಂತೆ ಬಂದು ನಿಂತೆನಲ್ಲ ಎಂದು ಅಲ್ಲೇ ಭೂಮಿಗಿಳಿದು ಹೋಗಬೇಕೆನಿಸಿತು. ಕೆಮ್ಮು ಬಂದರೂ ಸೆರಗು ಬಾಯಿಗೆ ಒತ್ತಿಕೊಂಡೆ.

ಅಷ್ಟರಲ್ಲಿ ಯಾರೋ ತಗಡು ಬಡಿದರು. "ಅಕ್ಕಾ, ಬಾಗ್ಲು ತೆಗಿಯೇ. ಟೀ ಆರ್ತೈತೆ."

ಗಂಡಿನವರ ಮುಂದೆ ಹಿಡಿಯಬೇಕಿದ್ದ ತಟ್ಟೆಯನ್ನು ರತ್ನ ರೇಷ್ಮೆ ಸೀರೆಯಲ್ಲೇ ರಸ್ತೆಗೆ ತಂದಿದ್ದಳು. ಜಗಲಿಯ ಕಡೆ ತಿರುಗಿ, "ಇದು ನಮ್ಮಕ್ಕನ ಮನೆ ರೀ," ಎಂದಳು, ಕೇಳಿದವರಿಗೆ ದಾರಿ ಹೇಳುವಷ್ಟು ಸಲೀಸಾಗಿ. ನಾನು ಬಾಗಿಲು ತೆಗೆದೆ. ಅಪ್ಪ ತಲೆ ತಗ್ಗಿಸಿಕೊಂಡು ಹೆಗಲ ಮೇಲಿನ ಟವೆಲನ್ನು ಮಡಿಸುತ್ತಿದ್ದರು, ಮತ್ತೆ ಬಿಚ್ಚಿ ಮಡಿಸುತ್ತಿದ್ದರು.

ಲಾರಿ ಹೊಗೆ ಉಗುಳುತ್ತ ವಾಪಸಾಯಿತು. ಕೊಂಡಿ ಸಿಕ್ಕಿಸುವಾಗ ಅಪ್ಪ ತಾವೇ ಬಂದು ಕೋಣೆಗೆ ಹೆಗಲು ಕೊಟ್ಟರು.

ಆ ಸಂಬಂಧ ಕೂಡಲಿಲ್ಲ. ಕಾರಣ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ರತ್ನ ಆಮೇಲೆ ಹೊಳಲ್ಕೆರೆಗೆ ಸೊಸೆಯಾಗಿ ಹೋದಳು, ಚೆನ್ನಾಗಿದ್ದಾಳೆ. ಆದರೂ ಅವಳ ಮನೆಗೆ ಹೋದಾಗ ನಾನು ಬಹಳ ವರ್ಷ ಚಾಪೆಯ ಅಂಚಿನಲ್ಲೇ ಕೂರುತ್ತಿದ್ದೆ.

ಈಗ ನಮ್ಮದು ಹಿರಿಯೂರಿನಲ್ಲಿ ತಳಪಾಯ ಇರುವ ಮನೆ. ಅಪ್ಪ ಆಗಾಗ ಬಂದು ನಾಲ್ಕು ದಿನ ಇರುತ್ತಾರೆ. ಬಾಗಿಲಲ್ಲಿ ಕುಳಿತು ಹಾಲಿನವನಿಗೆ, ಗ್ಯಾಸಿನವನಿಗೆ, ಕೇಳದವರಿಗೂ ಹೇಳುತ್ತಾರೆ, "ಇದು ನನ್ ದೊಡ್ಡ ಮಗಳ ಮನೆ." ಬೇಕಾದ್ದಕ್ಕಿಂತ ಗಟ್ಟಿಯಾಗಿ. ಅದನ್ನು ಕೇಳಲಾಗದೆ ನಾನು ಪ್ರತಿ ಸಲ ಒಳಗೆ ಹೋಗಿಬಿಡುತ್ತಿದ್ದೆ. ಈ ಸಲ ಹೋಗಲಿಲ್ಲ.

"ಅವ್ರಿಗೆಲ್ಲ ಗೊತ್ತೈತೆ ಬಿಡಪ್ಪ," ಎಂದೆ.

ಅಪ್ಪ ರಸ್ತೆಯ ಕಡೆಯೇ ನೋಡುತ್ತಿದ್ದರು. "ಗೊತ್ತಿರ್ಲಿ ತಗಾ. ನಾನು ಹೇಳ್ಬೇಕಲ್ಲ."

ನಾನು ಅವರ ಪಕ್ಕದಲ್ಲಿ ಕುಳಿತೆ. ಸ್ವಲ್ಪ ಹೊತ್ತಿಗೆ ಸೊಪ್ಪು ಮಾರುವವಳು ಬಂದಳು. ಅಪ್ಪ ಅವಳಿಗೂ ಹೇಳಿದರು.