ಇಜಾಜನ ಸಲಾಮು

ಸವಣೂರಿನಲ್ಲಿ ಖಾರ ಕರಿದು ಮಾರುವ ಇಜಾಜನಿಗೆ ತನ್ನ ಕೈಯಲ್ಲಿ ಆಗದ್ದು ಏನೂ ಇಲ್ಲವೆಂಬ ಧೈರ್ಯ. ಅವನಿಗೆ ಫಿಕ್ಸಿ ಸೈಕಲ್ಲಿನ ಹುಚ್ಚು ಹಿಡಿಯಿತು. ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ಲು ತಿರುಗುತ್ತಲೇ ಇರುವ ಸೈಕಲ್ಲು ಅದು.

“ತಯಾರ್ ಇದ್ದದ್ದನ್ನ ತಗೋ ಅಣ್ಣಾ,” ಎಂದಳು ತಂಗಿ ಗುಲ್ನಾರ.

“ಕೊಂಡಿದ್ದು ಅಂಗಡಿಯವಂದು, ಜೋಡಿಸಿದ್ದು ನಂದು!” ಎಂದವನೇ ಅಜ್ಜನ ಹಳೆಯ ಸೈಕಲ್ಲನ್ನು ಬಿಚ್ಚಿ, ಫೋನಿನಲ್ಲಿ ನೋಡಿ ನೋಡಿ ಜೋಡಿಸಿಯೇ ಬಿಟ್ಟ. ಬ್ರೇಕು ಮಿಕ್ಕಿತು. ಅದೂ ತನ್ನ ಕೈಚಳಕವೆಂದು ಬೀಗಿದ.

ಮರುದಿನ ಓಣಿಗಿಳಿದರೆ, ಕಟ್ಟೆಯ ಮೇಲೆ ಖಲಂದರ ಚಾಚಾ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದರು. ಹಿರಿಯರು ಕಂಡರೆ ಸೈಕಲ್ಲಿನಿಂದ ಇಳಿದು ಸಲಾಮು ಹೇಳುವುದು ಆ ಓಣಿಯ ರಿವಾಜು. ಇಳಿಯಲೆಂದು ಇಜಾಜ ಕಾಲು ನಿಲ್ಲಿಸಿದ. ಪೆಡಲ್ಲು ನಿಲ್ಲದೆ ಕಾಲನ್ನೂ ಎಳೆದುಕೊಂಡು ಓಡಿತು. ಕೂತಲ್ಲಿಂದಲೇ “ಸಲಾಂ ಚಾಚಾ!” ಎಂದು ಕೂಗಿದ. ನಿಲ್ಲಿಸುವುದು ಹೇಗೆಂದು ತಿಳಿಯದೆ ಮಸೀದಿ ಸುತ್ತಿ ಮತ್ತೆ ಅಲ್ಲಿಗೇ ಬಂದ. ಮತ್ತೆ ಸಲಾಮು. ಹೀಗೆ ಹತ್ತಾರು ಸುತ್ತು. ಚಾಚಾ ಪ್ರತಿ ಸಲವೂ ಎಲೆ ಕೆಳಗಿಟ್ಟು, ಎದೆಗೆ ಕೈಯಿಟ್ಟು ಮರುಸಲಾಮು ಹೇಳಿದರು. ಕೊನೆಗೆ ತಿಪ್ಪೆಯೊಂದು ಇಜಾಜನನ್ನು ನಿಲ್ಲಿಸಿತು.

ಸಂಜೆ ಚಾಚಾ ಮನೆಗೇ ಬಂದು ಅವನ ತಾಯಿಯನ್ನು ಕರೆದರು. “ಜನ್ನತಬಿ, ನಿನ್ನ ಮಗನಷ್ಟು ಅದಬು, ಮರ್ಯಾದಿ ಇರೋ ಹುಡುಗ ಈ ಊರಾಗ ಇಲ್ಲ ಬಿಡು. ಆದ್ರ ಅವಂಗ ಹೇಳವಾ, ಒಂದ ಸಲಾಂ ಸಾಕು. ಇವತ್ತ ನನಗ ಎಲಿ ಹಾಕ್ಕೊಳ್ಳಾಕ ಪುರುಸೊತ್ತ ಆಗಲಿಲ್ಲ!”