ಭಾವನ ಸಾಕ್ಷಿ

ನನ್ನ ಭಾವ, ಅಂದರೆ ಅಕ್ಕನ ಗಂಡ, ಕ್ಷೌರದಂಗಡಿ ಇಟ್ಟಿದ್ದಾನೆ. ಅವನನ್ನು ‘ಅವರು’ ಎನ್ನಲು ನನಗೆ ಇನ್ನೂ ಬಾಯಿ ಬರುವುದಿಲ್ಲ. ಆದರೆ ಕೈಹದ ಎಂದರೆ ಅವನದೇ. ಗಿರಾಕಿಯ ಕಿವಿಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಮಡಚಿ ಹಿಂದಿನ ಕೂದಲು ತೆಗೆಯುತ್ತಿದ್ದರೆ ಎಂಥವರೂ ಕುರ್ಚಿಯಲ್ಲೇ ನಿದ್ದೆ ಹೋಗುತ್ತಾರೆ. ಕುಡಿಯುತ್ತಿದ್ದ ಕಾಲದಲ್ಲಿ ಅದೇ ಕೈಯಿಂದ ಅಕ್ಕನ ಕೆನ್ನೆಗೆ ಬಾರಿಸಿದ. ಅಂದಿನಿಂದ ಅವಳಿಗೆ ಎಡಗಿವಿ ಕೇಳುವುದಿಲ್ಲ.

ಆಮೇಲೆ ಭಾವ ಬದಲಾದ. ಅವನ ಹೆಸರೆತ್ತಿದರೆ ಹಲ್ಲು ಕಡಿಯುವವನು ನಾನು, ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಗಿರಾಕಿಯೊಬ್ಬರು ಕರೆದರೆಂದು ಪ್ರಾರ್ಥನಾ ಸಭೆಗೆ ಹೋದವನು ಅಳುತ್ತಾ ಮನೆಗೆ ಬಂದ, ಇದ್ದ ಬಾಟಲಿಯನ್ನೆಲ್ಲ ಬಚ್ಚಲಿಗೆ ಸುರಿದ, ದೀಕ್ಷಾಸ್ನಾನ ಪಡೆದ. ಮತ್ತೆಂದೂ ಕುಡಿಯಲಿಲ್ಲ, ಕೈ ಎತ್ತಲಿಲ್ಲ. ಅಕ್ಕನೂ ಸಭೆಗೆ ಹೋಗತೊಡಗಿದಳು. ಪ್ರಾರ್ಥನೆಯಲ್ಲಿ ಅವಳಿಗೂ ನೆಮ್ಮದಿ ಸಿಕ್ಕಿತು.

ಆ ಸಭೆಯಲ್ಲಿ ಸಾಕ್ಷಿ ಹೇಳುವ ಪದ್ಧತಿಯಿದೆ. ದೇವರು ತನ್ನನ್ನು ಎಂಥ ಕೆಸರಿನಿಂದ ಎತ್ತಿದ ಎಂದು ಎಲ್ಲರೆದುರು ನಿಂತು ಹೇಳಬೇಕು. ಭಾವನ ನಾಲಿಗೆ ಮೊದಲೇ ಉದ್ದ, ಇನ್ನು ಕೇಳಬೇಕೆ? “ನನ್ನ ಹೆಂಡ್ತಿ ಕಿವಿ ಹೋಗೋ ಹಾಗೆ ಹೊಡ್ದೆ. ಅಂಥಾ ಪಾಪೀನೂ ದೇವರು ಕ್ಷಮಿಸಿದ್ರು” ಎನ್ನುತ್ತಲೇ ಸಭೆಯೆಲ್ಲ “ಸ್ತೋತ್ರ, ಸ್ತೋತ್ರ” ಎನ್ನುತ್ತಿತ್ತು. ಹೊಸಬರು ಹೆಂಗಸರ ಸಾಲಿನತ್ತ ಕತ್ತು ಚಾಚಿ, ಯಾವ ಕಿವಿ ಎಂದು ಹುಡುಕುತ್ತಿದ್ದರು. ಹೇಳಿ ಹೇಳಿ ಕಥೆಯೊಳಗಿನ ಏಟೂ ವರ್ಷದಿಂದ ವರ್ಷಕ್ಕೆ ಜೋರಾಯಿತು. ಅಕ್ಕನಿಗೆ ಗಾಯದ ಮೇಲೆ ಬರೆ ಎಳೆದ ಹಾಗೆ.

ಸಭೆಯ ವಾರ್ಷಿಕ ಕೂಟಕ್ಕೆ ಅಕ್ಕನ ಒತ್ತಾಯಕ್ಕೆ ಮಣಿದು ನಾನೂ ಹೋಗಿದ್ದೆ. ಭಾವನ ಸಾಕ್ಷಿ ಮುಗಿದ ಮೇಲೆ ಪಾಸ್ಟರು ಅಕ್ಕನನ್ನೂ ವೇದಿಕೆಗೆ ಕರೆದು, “ನೀವೂ ಎರಡು ಮಾತು ಹೇಳಿ ಅಮ್ಮಾ” ಎಂದರು.

“ಇವರನ್ನ ದೇವರು ಕ್ಷಮಿಸಿದ್ದಾರೆ ಅಂತ ವಾರ ವಾರ ಕೇಳಿಸ್ಕೊಳ್ತೀನಿ,” ಎಂದಳು ಅಕ್ಕ. “ಏಟು ತಿಂದೋಳು ನಾನು. ನನ್ನ ಹತ್ರ ಇವರು ಇವತ್ತಿನವರೆಗೂ ಕ್ಷಮೆ ಕೇಳಿಲ್ಲ.”

ಈ ಸಲ ಯಾರೂ ಸ್ತೋತ್ರ ಎನ್ನಲಿಲ್ಲ.

ಮನೆಗೆ ಬಂದು ಅಂಗಿ ಬಿಚ್ಚುತ್ತಾ ಭಾವ, “ಅಷ್ಟು ಜನರ ಮುಂದೆ ನನ್ನ ಮಾನ ತೆಗೆದ್ಯಲ್ಲ” ಎಂದ.

“ಇಷ್ಟು ದಿನ ಅಲ್ಲಿ ಹೋಗ್ತಿದ್ದಿದ್ದು ಯಾರ ಮಾನ?” ಎಂದಳು ಅಕ್ಕ.

ಅಂದಿನಿಂದ ತಪ್ಪಿನ ಭಾರ ಅವನನ್ನು ಒಳಗೊಳಗೇ ತಿನ್ನತೊಡಗಿತು. ಗಿರಾಕಿಯ ಕಿವಿ ಮಡಚಲು ಹೋದವನು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದ. ಕತ್ತಿ ಬದಿಗಿಟ್ಟು ಬರೀ ಕತ್ತರಿಯಲ್ಲೇ ಕೆಲಸ ಮುಗಿಸುತ್ತಿದ್ದ. ಒಮ್ಮೆ ನನ್ನ ಕ್ಷೌರ ಮಾಡುತ್ತಾ ಕನ್ನಡಿಯಲ್ಲಿ ನನ್ನ ಮುಖ ನೋಡದೆ ಹೇಳಿದ: “ದೇವರ ಮುಂದೆ ಅಳೋದು ಸುಲಭ ಕಣೋ. ಇವಳ ಮುಂದೆ ಆಗ್ತಿಲ್ಲ. ನನ್ನ ಪಾಪಾನ ಪದಕದ ಹಾಗೆ ಎದೆಗೆ ಸಿಕ್ಕಿಸ್ಕೊಂಡು ಓಡಾಡಿಬಿಟ್ಟೆ.” ಅವನ ಮೇಲೆ ನನಗೆ ಮೊದಲ ಸಲ ಕನಿಕರ ಬಂತು. ಬಾಯಿಬಿಟ್ಟು ಹೇಳಲಿಲ್ಲ, ಬಿಡಿ.

ಅದೇ ವಾರ ಮಟಮಟ ಮಧ್ಯಾಹ್ನ ಅಂಗಡಿಯ ಬಾಗಿಲೆಳೆದು ಮನೆಗೆ ಹೋದ. ಅಕ್ಕ ಅಂಗಡಿಯ ಟವೆಲುಗಳನ್ನು ಮಡಚುತ್ತಿದ್ದಳು. ಅವಳ ಎದುರು ನೆಲದ ಮೇಲೆ ಕುಳಿತ. “ಹೊಡೆದಿದ್ದು ತಪ್ಪು. ಅದನ್ನ ಕಥೆ ಮಾಡಿ ಹೇಳ್ಕೊಂಡಿದ್ದು ಇನ್ನೂ ದೊಡ್ಡ ತಪ್ಪು. ನನ್ನನ್ನ ಕ್ಷಮಿಸು.”

ಅಕ್ಕ ಕೈಲಿದ್ದ ಟವೆಲು ಮಡಚಿ ಮುಗಿಸಿದಳು. “ಯೇಸು ಶಿಲುಬೆ ಮೇಲಿಂದಾನೇ ಕ್ಷಮಿಸಿದ್ರು. ನಾನು ಯೇಸು ಅಲ್ಲ. ಈಗ್ಲೇ ಕ್ಷಮಿಸಿದೆ ಅಂದ್ರೆ ಸುಳ್ಳಾಗುತ್ತೆ. ನನಗೆ ಟೈಮ್ ಬೇಕು.”

“ಕಾಯ್ತೀನಿ” ಎಂದ ಭಾವ.

ಮುಂದಿನ ಭಾನುವಾರ ಪಾಸ್ಟರು ಎಂದಿನಂತೆ ಅವನನ್ನು ಕರೆದರು. ಎದ್ದು ನಿಂತು, “ಅದು ನನ್ನ ಕಥೆ ಅಲ್ಲ, ಅವಳದ್ದು. ಇನ್ಮೇಲೆ ಹೇಳಲ್ಲ” ಎಂದಷ್ಟೇ ಹೇಳಿ ಕುಳಿತ. ದೇವರಲ್ಲಿ ಇವನ ವಿಶ್ವಾಸ ಕುಸಿಯಿತು ಎಂದು ಹಲವರು ಮರುಗಿದರು.

ಮೊನ್ನೆ ಅಕ್ಕನನ್ನು ಕೇಳಿಯೇಬಿಟ್ಟೆ, “ಕ್ಷಮಿಸಿದ್ಯಾ?”

“ಆಗ್ತಾ ಇದೆ ಕಣೋ,” ಎಂದಳು. “ಅವಸರ ಮಾಡ್ಬೇಡ. ಅವರೇ ಮಾಡ್ತಿಲ್ಲ.”